ಪ್ರಾಚೀನ ಚೀನಾ ರೂಪುಗೊಳ್ಳಲು ಅಲ್ಲಿನ ನೆಲ, ನೀರು ಮತ್ತು ದೊಡ್ಡ ನಿರ್ಮಾಣಗಳು ಹೇಗೆ ಕಾರಣವಾದವು?

ಮಹಾಗೋಡೆ ಎಲ್ಲರಿಗೂ ಗೊತ್ತು. ಆದರೆ ನನ್ನ ಪ್ರಕಾರ ಚೀನಾವನ್ನು ಜಾಸ್ತಿ ರೂಪಿಸಿದ್ದು ನೀರಿನ ಕೆಲಸಗಳೇ.

ಉತ್ತರದ ಹಳದಿ ನದಿ ಹೊತ್ತು ತರುವ ಮೆತ್ತನೆ ಮಣ್ಣಿನಲ್ಲಿ ನವಣೆ, ಬರಗು ಚೆನ್ನಾಗಿ ಬೆಳೆಯುತ್ತಿದ್ದವು. ಅದೇ ಹೂಳು ತಳದಲ್ಲಿ ತುಂಬಿ ನದಿ ದಂಡೆ ಮೀರುತ್ತಿತ್ತು, ಪಾತ್ರವನ್ನೇ ಬದಲಿಸುತ್ತಿತ್ತು. ಒಡ್ಡು ಕಟ್ಟುವುದು ಒಂದೂರಿನ ಕೈಲಾಗುವ ಕೆಲಸವಲ್ಲ, ಅಲ್ವಾ? ಸಾವಿರಾರು ಜನರನ್ನು ಸೇರಿಸಿ ದುಡಿಸುವ ಆಡಳಿತ ಬೇಕಿತ್ತು.

ನನ್ನ ಅಚ್ಚುಮೆಚ್ಚಿನ ಉದಾಹರಣೆ ನೈಋತ್ಯ ಚೀನಾದ ಸಿಚುವಾನ್‌ನಲ್ಲಿರುವ ದುಜಿಯಾಂಗ್ಯಾನ್ ಎಂಬ ನೀರಾವರಿ ವ್ಯವಸ್ಥೆ. ಆಗ ಚೀನಾ ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ಕ್ರಿ.ಪೂ. 256ರ ಸುಮಾರಿಗೆ ಅವುಗಳಲ್ಲಿ ಒಂದಾದ ಚಿನ್ ರಾಜ್ಯದ ಅಧಿಕಾರಿ ಲಿ ಬಿಂಗ್ ಅಣೆಕಟ್ಟು ಕಟ್ಟದೆಯೇ ಮಿನ್ ನದಿಯನ್ನು ಪಳಗಿಸಿದ. ಬಿದಿರಿನ ಬುಟ್ಟಿಗಳಲ್ಲಿ ಕಲ್ಲು ತುಂಬಿ, ನಡುವೆ ಒಡ್ಡು ಹಾಕಿ ನದಿಯನ್ನು ಎರಡಾಗಿ ಸೀಳಿದರು. ಸಿಡಿಮದ್ದು ಇಲ್ಲದ ಕಾಲ. ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ ಗುಡ್ಡ ಕಡಿದರಂತೆ. ಒಳಗಿನ ಕವಲು ಚೆಂಗ್ಡು ಬಯಲಿಗೆ ನೀರುಣಿಸಿತು, ಹೊರಗಿನದು ಪ್ರವಾಹವನ್ನು ಸಾಗಿಸಿತು. ಇಂದಿಗೂ ಅದು ಕೆಲಸ ಮಾಡುತ್ತಿದೆ! ಆ ಬಯಲಿನ ದವಸ ಚಿನ್ ರಾಜ್ಯಕ್ಕೆ ದೊಡ್ಡ ಬಲವಾಯಿತು. ಕ್ರಿ.ಪೂ. 221ರಲ್ಲಿ ಅದು ಉಳಿದ ರಾಜ್ಯಗಳನ್ನೆಲ್ಲ ಗೆದ್ದು ಒಂದುಗೂಡಿಸಿತು.

ಮುಂದೆ 7ನೇ ಶತಮಾನದ ಆರಂಭದಲ್ಲಿ ಸುಯಿ ವಂಶದ ದೊರೆಗಳು ಮಹಾ ಕಾಲುವೆಯಿಂದ ಹಳದಿ ನದಿಗೂ ದಕ್ಷಿಣದ ಯಾಂಗ್ಟ್ಸಿ ನದಿಗೂ ನಂಟು ಬೆಸೆದರು. ದಕ್ಷಿಣದ ಅಕ್ಕಿ ದೋಣಿಯಲ್ಲೇ ಉತ್ತರಕ್ಕೆ ಬರತೊಡಗಿತು.