ಕ್ಲಿಪ್ ಹಾಕಲು ಕಲಿಯೋಕೆ ಮೂರು ವರ್ಷ ಬೇಕೆ?

ಪ್ರಶ್ನೆ: ವಿಜಯಪುರದಲ್ಲಿ ಬಿ.ಡಿ.ಎಸ್. ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಎಂ.ಡಿ.ಎಸ್.ನಲ್ಲಿ (ದಂತವೈದ್ಯದ ಸ್ನಾತಕೋತ್ತರ ಪದವಿ) ಆರ್ಥೊಡಾಂಟಿಕ್ಸ್, ಅಂದರೆ ವಕ್ರ ಹಲ್ಲು ಸರಿಪಡಿಸುವ ವಿಭಾಗ ತಗೊಳ್ಳುವ ಆಸೆ. ಅಪ್ಪ ಮಾತ್ರ ‘ಹಲ್ಲಿಗೆ ಕ್ಲಿಪ್ ಹಾಕಾಕ ಮೂರು ವರ್ಷ ಏನ್ ಕಲೀತಿ?’ ಅಂತಾರೆ. ಏನು ಉತ್ತರ ಕೊಡಲಿ?
– ಇಂಡಿ ತಾಲ್ಲೂಕಿನ ಓದುಗ

ಉತ್ತರ: ತಂತಿ ಹಿಡಿಯಲು ಹಲ್ಲಿನ ಮೇಲೆ ಕೂರಿಸುವ ಬ್ರ್ಯಾಕೆಟ್ ಅಂಟಿಸುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಯಾವ ಹಲ್ಲನ್ನು, ಎತ್ತ ಕಡೆ, ಎಷ್ಟು ಗ್ರಾಂ ಬಲದಿಂದ, ಯಾವ ವಯಸ್ಸಿನಲ್ಲಿ ಸರಿಸಬೇಕು ಎಂಬುದಕ್ಕೇ ಮೂರು ವರ್ಷ ಹಿಡಿಯುವುದು.

ಮೊದಲ ತಿಂಗಳುಗಳು ಕೈ ಪಳಗಿಸಲು. 0.7 ಮಿ.ಮೀ. ಸ್ಟೀಲ್ ತಂತಿಯನ್ನು ಬೆರಳಿನಿಂದಲೇ ತಿದ್ದಿ, ಗಾಜಿನ ಮೇಲಿಟ್ಟರೆ ಎಲ್ಲೂ ಏಳದಂತೆ ನೇರ ಮಾಡಬೇಕು. ಆಮೇಲೆ ದವಡೆಹಲ್ಲನ್ನು ಹಿಡಿದುಕೊಳ್ಳುವ ಆಡಮ್ಸ್ ಕ್ಲ್ಯಾಸ್ಪ್, ಮುಂದಿನ ಹಲ್ಲುಗಳ ಎದುರು ಹಾಯುವ ಲೇಬಿಯಲ್ ಬೋ, ಹಲ್ಲನ್ನು ತಳ್ಳುವ 0.5 ಮಿ.ಮೀ. ತಂತಿಯ ಫಿಂಗರ್ ಸ್ಪ್ರಿಂಗ್. ಒಂದೇ ಜಾಗದಲ್ಲಿ ಬಗ್ಗಿಸಿ, ಬಿಚ್ಚಿ, ಮತ್ತೆ ಬಗ್ಗಿಸಿದರೆ ತಂತಿ ಅಲ್ಲೇ ಗಡುಸಾಗಿ ರೋಗಿಯ ಬಾಯಲ್ಲಿ ಮುರಿಯುತ್ತದೆ. ಇಕ್ಕಳದ ಗಾಯ ಬಿದ್ದ ಜಾಗವೂ ಹಾಗೆಯೇ. ಕ್ಲ್ಯಾಸ್ಪ್‌ನ ಬಾಣದ ತುದಿ ಪಕ್ಕದ ಹಲ್ಲಿಗೆ ತಾಗಿದರೆ ಹಿಡಿತ ಸಿಗುವ ಬದಲು ಆ ಹಲ್ಲೇ ದೂರ ಸರಿಯುತ್ತದೆ. ಇದಾದ ಮೇಲೆ ಟೈಪೊಡಾಂಟ್: ಮೇಣದಲ್ಲಿ ಕೂರಿಸಿದ ಹಲ್ಲುಗಳಿಗೆ ತಂತಿ ಕಟ್ಟಿ ಬಿಸಿನೀರಿನಲ್ಲಿ ಅದ್ದಿದಾಗ ಅವು ಸರಿಯುತ್ತವೆ. ಕೋರೆಹಲ್ಲನ್ನು ಹಿಂದಕ್ಕೆ ಎಳೆಯಲು ಹೋಗಿ ದವಡೆಹಲ್ಲೇ ಮುಂದಕ್ಕೆ ಬಂದುಬಿಡುವುದನ್ನು ಅಲ್ಲೇ ಕಣ್ಣಾರೆ ಕಾಣಬಹುದು.

ಇದರ ಜೊತೆಗೇ ತಲೆಬುರುಡೆಯ ಬೆಳವಣಿಗೆ, ಅಂಗರಚನೆ, ತಳಿಶಾಸ್ತ್ರ, ತಂತಿಯ ಲೋಹಗುಣ, ಬಲದ ಲೆಕ್ಕ. ಮೊದಲ ವರ್ಷದ ಕೊನೆಗೆ ಮೂಲ ವಿಜ್ಞಾನದ ಪರೀಕ್ಷೆ ಇದೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿ.ಮೀ. ದಪ್ಪದ ಪದರವಿದೆ, ಈ ವಿದ್ಯೆಯೆಲ್ಲ ನಿಂತಿರುವುದು ಅದರ ಮೇಲೆ. ಹಲ್ಲನ್ನು ಬಾಗಿಸಿ ಸರಿಸಲು 35–60 ಗ್ರಾಂ ಸಾಕು, ಎಲುಬಿನೊಳಕ್ಕೆ ಒತ್ತಲು 10–20 ಗ್ರಾಂ. ‘ಜೋರಾಗಿ ಎಳೆದರೆ ಬೇಗ ಬರುತ್ತದೆ’ ಎಂದುಕೊಂಡರೆ ಕೆಟ್ಟಿತು: ರಕ್ತನಾಳ ಅಪ್ಪಚ್ಚಿಯಾಗಿ ಆ ಪದರದ ಜೀವಕೋಶಗಳು ಸಾಯುತ್ತವೆ, ಹಲ್ಲು ವಾರಗಟ್ಟಲೆ ಕದಲುವುದಿಲ್ಲ, ಬೇರು ಸವೆಯುವ ಅಪಾಯ ಬೇರೆ.

ಅತಿ ಕಷ್ಟದ್ದು ರೋಗನಿರ್ಣಯ. ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಗೆರೆ ಎಳೆದು ಕೋನ ಅಳೆಯುವುದು. ಮೇಲ್ದವಡೆಯ ಕೋನ ಎಸ್.ಎನ್.ಎ. 82, ಕೆಳದವಡೆಯದು ಎಸ್.ಎನ್.ಬಿ. 80, ಎರಡರ ವ್ಯತ್ಯಾಸ ಎ.ಎನ್.ಬಿ. 2 ಡಿಗ್ರಿ ಎಂದು ಬಾಯಿಪಾಠ ಮಾಡಿದವರು ಇಲ್ಲೇ ಎಡವುತ್ತಾರೆ. ಹಣೆ ಸೇರುವಲ್ಲಿನ ಮೂಗಿನ ಬುಡದ ಬಿಂದು (ಎನ್) ಹಿಂದೆ ಮುಂದೆ ಇದ್ದರೂ ಎ.ಎನ್.ಬಿ. ಬದಲಾಗುತ್ತದೆ, ಅದಕ್ಕೇ ಹಲ್ಲುಗಳು ಕಚ್ಚುವ ಗೆರೆಯ ಮೇಲೆ ಅಳೆಯುವ ವಿಟ್ಸ್ ಅಳತೆಯಿಂದ ತಾಳೆ ನೋಡಬೇಕು. ಆ ಅಂಕಿಗಳೂ ಬಿಳಿಯ ಅಮೆರಿಕನ್ನರವು, ನಮ್ಮ ಮುಖಗಳಿಗೆ ಹಾಗೇ ಹೊಂದುವುದಿಲ್ಲ. ಸಾಫ್ಟ್‌ವೇರ್ ಇದೆಯಲ್ಲ ಎನ್ನಬೇಡಿ, ಬಿಂದು ತಪ್ಪಿಟ್ಟರೆ ಅದು ತಪ್ಪನ್ನೇ ದಶಮಾಂಶದವರೆಗೆ ಲೆಕ್ಕ ಹಾಕಿ ಕೊಡುತ್ತದೆ.

ಬೆಳೆಯುವ ಮಕ್ಕಳ ಕೆಳದವಡೆಯನ್ನು ಮುಂದಕ್ಕೆ ತರುವ ಟ್ವಿನ್ ಬ್ಲಾಕ್, ಸೀಳುತುಟಿಯ ಚಿಕಿತ್ಸೆ, ದವಡೆ ಶಸ್ತ್ರಚಿಕಿತ್ಸೆಗೆ ತಯಾರಿ, ಎಳೆತಕ್ಕೆ ಆಸರೆಯಾಗಿ ಎಲುಬಿಗೆ ಹಾಕುವ ಮಿನಿ ಸ್ಕ್ರೂ, ತಂತಿಯ ಬದಲು ತೊಡಿಸುವ ಪಾರದರ್ಶಕ ಅಲೈನರ್, ಇವೆಲ್ಲ ಎರಡನೇ ಮೂರನೇ ವರ್ಷದ ಪಾಲು. ರೋಗಿಗಳನ್ನು ಮಾತ್ರ ಬೇಗ ಶುರುಮಾಡಿ. ಹಲ್ಲು ತೆಗೆಸಿ ಜಾಗ ಮುಚ್ಚುವ ಒಂದು ಕೇಸಿಗೆ ಒಂದೂವರೆ–ಎರಡು ವರ್ಷ ಬೇಕು, ಹಳ್ಳಿಯಿಂದ ಬರುವವರು ಸುಗ್ಗಿಯಲ್ಲಿ ಎರಡು ತಿಂಗಳು ತಪ್ಪಿಸಿದರೆ ಇನ್ನೂ ಹೆಚ್ಚು. ಅಂತಿಮ ಪರೀಕ್ಷೆಗೆ ಮುಗಿಸಿದ ಕೇಸುಗಳನ್ನು ಮೊದಲಿನ ಅಚ್ಚು, ಫೋಟೊ, ಎಕ್ಸ್‌ರೇ ಸಮೇತ ಮುಂದಿಡಬೇಕು. ಮೊದಲ ದಿನದ ಫೋಟೊ ತೆಗೆದಿಲ್ಲವೆಂದರೆ ಆ ಕೇಸು ಲೆಕ್ಕಕ್ಕಿಲ್ಲ.

ಪ್ರಶ್ನೆ: ಇಳಕಲ್ಲಿನಲ್ಲಿ ಕ್ಲಿನಿಕ್ ಇದೆ. ಹಲ್ಲು ಕಂದುಗಟ್ಟಿದವರ ಬ್ರ್ಯಾಕೆಟ್ ಪದೇ ಪದೇ ಬಿದ್ದುಹೋಗುತ್ತವೆ. ಏನು ಮಾಡಲಿ?

ಉತ್ತರ: ಅದು ಕೊಳವೆಬಾವಿ ನೀರಿನ ಫ್ಲೋರೈಡ್ ಇರಬೇಕು. ಫ್ಲೋರೈಡ್ ಸೇರಿದ ಎನಾಮೆಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಶೇ. 37ರ ಫಾಸ್ಫಾರಿಕ್ ಆಮ್ಲವನ್ನು ಎಂದಿನಂತೆ 15–30 ಸೆಕೆಂಡು ಹಚ್ಚಿದರೆ ಸಾಲದು. ಮೊದಲು ಮೇಲ್ಪದರವನ್ನು ತೆಳುವಾಗಿ ಉಜ್ಜಿ, ಆಮ್ಲದ ಸಮಯ ಹೆಚ್ಚಿಸಿ. ತೊಳೆದು ಒಣಗಿಸಿದಾಗ ಮಂಜು ಕವಿದಂತೆ ಬಿಳಿ ಕಾಣದಿದ್ದರೆ ಅಂಟಿಸಬೇಡಿ. ಗುಳಿ ಬಿದ್ದ ದವಡೆಹಲ್ಲಿಗೆ ಬ್ಯಾಂಡ್ (ಹಲ್ಲಿನ ಸುತ್ತ ಕೂರುವ ಲೋಹದ ಪಟ್ಟಿ) ಹಾಕುವುದೇ ಒಳ್ಳೆಯದು.

ಊಟವನ್ನೂ ವಿಚಾರಿಸಿ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಲಿ. ಕರದಂಟು, ಕಬ್ಬು ಕ್ಲಿಪ್ ತೆಗೆಯುವತನಕ ಬೇಡ. ಇಷ್ಟಾದರೂ ಕೆಳಗಿನ ಅದೇ ಹಲ್ಲಿನ ಬ್ರ್ಯಾಕೆಟ್ ಮೂರನೇ ಸಲ ಬಿದ್ದರೆ ಅಂಟನ್ನು ದೂರುವ ಮುಂಚೆ ಬಾಯಿ ಮುಚ್ಚಿಸಿ ನೋಡಿ: ಮೇಲಿನ ಹಲ್ಲು ಅದಕ್ಕೆ ಬಡಿಯುತ್ತಿರಬಹುದು. ಆಗ ಎರಡೂ ಬದಿಯ ದವಡೆಹಲ್ಲಿನ ಮೇಲೆ ಒಂದಿಷ್ಟು ಗ್ಲಾಸ್ ಅಯಾನೊಮರ್ ಸಿಮೆಂಟ್ ಏರಿಸಿ, ಮೇಲಿನ ಹಲ್ಲು ಬ್ರ್ಯಾಕೆಟ್‌ಗೆ ತಾಗದಂತೆ ಮಾಡಿ, ಆಮೇಲೆ ಅಂಟಿಸಿ.