ಅಜ್ಜಿಯ ತೋಳಿನ ದೊಡ್ಡ ಕಲೆ ಯಾವುದರದ್ದು?

ಅಜ್ಜಿಯ ತೋಳಲ್ಲಿ ಎರಡು ದೊಡ್ಡ ಕಲೆ, ನಿಮ್ಮ ತೋಳಲ್ಲಿ ಒಂದೇ ಚಿಕ್ಕದು, ಯಾಕೆ ಅಂತ ಕೇಳಿದ್ದೀರಿ. ಅಜ್ಜಿಯದು ಬಹುಶಃ ಸಿಡುಬಿನ ಲಸಿಕೆಯದ್ದು. ನಿಮ್ಮದು ಕ್ಷಯಕ್ಕೆ ಹಾಕುವ ಬಿಸಿಜಿ.

ಆ ದೊಡ್ಡ ಕಲೆ ನನಗೂ ಇದೆ. 1960ರ ಸುಮಾರು, ಉಡುಪಿ ಕಡೆಯ ಕಾಪು ಹತ್ತಿರದ ಹಳ್ಳಿ, ನಾನಾಗ ಎರಡನೇ ಕ್ಲಾಸು. ಲಸಿಕೆ ಅನ್ನುವ ಮಾತು ನಮಗೆ ಗೊತ್ತಿರಲಿಲ್ಲ, 'ದಾಕು ಹಾಕುವುದು' ಅಷ್ಟೇ. ದಾಕಿನವರು ಬಂದರು ಅಂದರೆ ಅರ್ಧ ಶಾಲೆ ಹಟ್ಟಿಯ ಅಟ್ಟದಲ್ಲಿ! ಸುಮ್ನೆ ಸೂಜಿ ಚುಚ್ಚಿ ಬಿಡುವ ಕೆಲಸ ಅಲ್ಲ ಅದು. ತೋಳಿನ ಮೇಲೆ ಒಂದು ಹನಿ ಮದ್ದು ಇಟ್ಟು, ಸಣ್ಣ ಸಣ್ಣ ಹಲ್ಲಿನ ಬಿಲ್ಲೆಯೊಂದನ್ನು ಅದರ ಮೇಲೆ ಒತ್ತಿ ತಿರುಪುತ್ತಿದ್ದರು. ಆಮೇಲೆ ಬಿಲ್ಲೆಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದು, ಮುಂದಿನ ಮಗು ಬಾ ಅಂತ. ವಾರದಲ್ಲಿ ಕೀವು ತುಂಬಿದ ಗುಳ್ಳೆ, ಜ್ವರ, ಕಂಕುಳಲ್ಲಿ ಬಾವು. ಮೂರು ವಾರಕ್ಕೆ ಹಕ್ಕಳೆ ಉದುರಿ ಗುಳಿ ಉಳಿಯುತ್ತಿತ್ತು. ಕೆಲವು ವರ್ಷ ಬಿಟ್ಟು ಮತ್ತೆ ಹಾಕುತ್ತಿದ್ದರು, ಅದಕ್ಕೇ ಒಂದಕ್ಕಿಂತ ಜಾಸ್ತಿ ಕಲೆ.

ನನ್ನ ಅಕ್ಕ ಜಾಣೆ. ದಾಕು ಹಾಕಿದ್ದೇ ತಡ, ಬಾವಿಕಟ್ಟೆಗೆ ಓಡಿ ತೊಳೆದುಕೊಂಡಳು. ಮುಂದಿನ ವಾರ ಅವರು "ಎದ್ದಿದೆಯಾ ನೋಡುವ" ಅಂತ ಬಂದಾಗ ತೋಳು ನುಣ್ಣಗಿತ್ತು. ಮತ್ತೊಮ್ಮೆ ತಿರುಪಿಸಿಕೊಂಡಳು. ದಾಕು ಏಳದಿದ್ದರೆ ಎಲ್ಲ ಸಲವೂ ಮಕ್ಕಳದ್ದೇ ಕಿತಾಪತಿ ಅಲ್ಲ ಬಿಡಿ. ಆಗಿನ ಮದ್ದು ನೀರಿನಂಥದ್ದು, ನಮ್ಮ ಸೆಕೆಗೆ ಬೇಗ ಕೆಡುತ್ತಿತ್ತು. ಒಣಗಿಸಿದ ಪುಡಿ ಮದ್ದು ಬಂದ ಮೇಲೆ ಆ ತಾಪತ್ರಯ ಕಡಿಮೆಯಾಯಿತು.

ಗುಳ್ಳೆ ಆರುವ ತನಕ ನಮ್ಮಜ್ಜಿ ಮನೆಯಲ್ಲಿ ಒಗ್ಗರಣೆ ಹಾಕಲು ಬಿಡಲಿಲ್ಲ, ಸಿಡುಬೇ ಬಂದ ಹಾಗೆ. ಕಾಪು ಮಾರಿಗುಡಿಗೆ ಹರಕೆ ಹೇಳಿಕೊಂಡವರೂ ಅವರೇ, ನಮ್ಮನ್ನು ಅಟ್ಟದಿಂದ ಎಳೆದು ದಾಕಿಗೆ ಕಳಿಸಿದವರೂ ಅವರೇ.

ದೇಶದ ಸಿಡುಬು ನಿರ್ಮೂಲನ ಕಾರ್ಯಕ್ರಮ 1962ರಲ್ಲಿ ಶುರುವಾಯಿತು. ಇಲ್ಲಿನ ಕೊನೆಯ ಕೇಸು 1975ರ ಮೇ, ಅಸ್ಸಾಮಿನ ಕರೀಂಗಂಜ್‌ನಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದಲೇ ಸಿಡುಬು ಹೋಯಿತು ಅಂತ ಘೋಷಿಸಿದರು, ದಾಕೂ ನಿಂತಿತು. ಬಿಸಿಜಿ ನಮ್ಮ ದೇಶಕ್ಕೆ ಬಂದದ್ದು 1948ರಲ್ಲಿ, ಮದನಪಲ್ಲಿಯಲ್ಲಿ ಶುರು. ಆಗೆಲ್ಲ ಮೊದಲು ಕ್ಷಯ ತಗಲಿದೆಯಾ ಅಂತ ಟೆಸ್ಟು ಚುಚ್ಚಿ, ಮೂರು ದಿನ ಬಿಟ್ಟು ನೋಡಿ, ಚುಚ್ಚಿದಲ್ಲಿ ಊದದವರಿಗೆ ಮಾತ್ರ ಹಾಕುತ್ತಿದ್ದರು. ಈಗ ಹುಟ್ಟಿದ ಕೂಡಲೇ ಹಾಕುತ್ತಾರೆ, ಅಲ್ವಾ?

ಅಜ್ಜಿಯ ಕಲೆಯ ಮೇಲೊಮ್ಮೆ ಬೆರಳಾಡಿಸಿ ನೋಡಿ. ಅಗಲವಾಗಿ ಗುಳಿಬಿದ್ದಿದ್ದರೆ ಅದು ಬಹುಶಃ ದಾಕಿನದ್ದೇ.