ಮಕ್ಕಳನ್ನು ಊರಿಗೆ ಕಳಿಸುವ ಮೊದಲು

ಅಣ್ಣನಿಗೆ ಶ್ವಾಸಕೋಶದ ಟಿಬಿ, ಔಷಧಿ ಈಗಷ್ಟೇ ಶುರುವಾಗಿದೆ, ಬೆಂಗಳೂರಲ್ಲಿ ಒಂದೇ ಕೋಣೆಯ ಮನೆ, ಮಕ್ಕಳನ್ನು ಊರಿಗೆ ಕಳಿಸಿಬಿಡಬೇಕಾ ಅಂತ ಕೇಳಿದ್ದೀರಿ. ಅವಸರ ಬೇಡ, ಮೊದಲು ಮಕ್ಕಳ ತಪಾಸಣೆ ಆಗಲಿ.

ಇದೇ ಪ್ರಶ್ನೆಗೆ 1950ರ ದಶಕದಲ್ಲೇ ಮದ್ರಾಸಿನಲ್ಲಿ ಉತ್ತರ ಹುಡುಕಿದ್ದರು. ಇಕ್ಕಟ್ಟಿನ ಮನೆಗಳ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂಗೆ, ಅಂದರೆ ಟಿಬಿ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಆಸ್ಪತ್ರೆಗೆ ಸೇರಿಸಿ, ಉಳಿದವರಿಗೆ ಮನೆಯಲ್ಲೇ ಅದೇ ಔಷಧಿ ಕೊಟ್ಟರು. ಸ್ಯಾನಿಟೋರಿಯಂನಲ್ಲಿ ಒಳ್ಳೆ ಊಟ, ವಿಶ್ರಾಂತಿ ಎಲ್ಲ ಇತ್ತು. ಆದರೂ 1959ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆಯವರನ್ನು ಐದು ವರ್ಷ ಗಮನಿಸಿದಾಗಲೂ, ರೋಗಿ ಜೊತೆಗಿದ್ದ ಕಾರಣಕ್ಕೆ ಹೆಚ್ಚು ಜನ ಕಾಯಿಲೆ ಬಿದ್ದಿರಲಿಲ್ಲ. ಸೋಂಕು ಬಹುಪಾಲು ಹರಡುವುದು ರೋಗ ಪತ್ತೆಯಾಗುವ ಮುಂಚೆ, ಬರೀ ಕೆಮ್ಮಿನ ಸಿರಪ್ ಕುಡಿದುಕೊಂಡು ಓಡಾಡುವ ತಿಂಗಳುಗಳಲ್ಲಿ.

ಮಕ್ಕಳಿಗೆ ತಗಲಿದ್ದರೆ ಬಹುಶಃ ಆಗಲೇ ತಗಲಿರುತ್ತೆ. ಊರಿಗೂ ಜೊತೆಗೇ ಹೋಗುತ್ತೆ. ಸೋಂಕಿದ್ದವರಲ್ಲಿ ಜೀವಮಾನದಲ್ಲಿ ಶೇ. 5–10 ಮಂದಿಗಷ್ಟೇ ಕಾಯಿಲೆ ಬರುವುದು, ಆದರೆ ಮೊದಲೆರಡು ವರ್ಷ ಅಪಾಯ ಜಾಸ್ತಿ, ಐದು ವರ್ಷದೊಳಗಿನ ಮಕ್ಕಳಿಗಂತೂ ಇನ್ನೂ ಜಾಸ್ತಿ. ಮನೆಮಂದಿಯೆಲ್ಲ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ, ಬರದಂತೆ ತಡೆಯುವ ಮಾತ್ರೆ ಅಲ್ಲೇ ಉಚಿತವಾಗಿ ಸಿಗುತ್ತೆ. ಅಣ್ಣನದು ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯೇ ಅಂತಲೂ ಕೇಳಿ. ಹೌದಾದರೆ ಲೆಕ್ಕವೇ ಬೇರೆ.

ಕಿಟಕಿ ತೆರೆದಿಡಿ, ಮೊದಲ ಕೆಲವು ವಾರ ಅಣ್ಣ ಮಾಸ್ಕ್ ಹಾಕಲಿ. ತಟ್ಟೆ-ಲೋಟ ಮಾತ್ರ ಬೇರೆ ಮಾಡಬೇಡಿ, ಪಾಪ. ಅದರಿಂದ ಹರಡಲ್ಲ.